ಎಲ್ಲರ ಪೈಕಿ ಜುಂಜಮ್ಮ

ತಮಟೆಗೆ ಮೂರನೇ ಏಟು ಬೀಳುವಷ್ಟರಲ್ಲಿ ಊರು ಖಾಲಿಯಾಗಿತ್ತು. ವಕೀಲ ಕೊಟ್ರಬಸಪ್ಪ ಕರಿ ಕೋಟನ್ನು ಮಡಿಸಿ ಪಕ್ಕಕ್ಕಿಟ್ಟು ಅರಳಿಕಟ್ಟೆಯ ಮೇಲೆ ಕೂತು ನೋಡುತ್ತಿದ್ದಂತೆಯೇ ಎದುರುಮನೆಯ ಹೆಂಗಸು ಒಲೆಯ ಮೇಲಿನ ಹಿತ್ತಾಳೆ ಪಾತ್ರೆಯನ್ನು ಕುದಿಯುವ ಸಾರಿನ ಸಮೇತ ಸೆರಗಿನಲ್ಲಿ ಹಿಡಿದುಕೊಂಡು ಹಿತ್ತಲಿನಿಂದ ಓಡಿದಳು. ಪಕ್ಕದವನು ಎರಡು ಎಮ್ಮೆಗಳ ಬಾಲ ತಿರುಚಿ ಹೊಡೆದುಕೊಂಡು ಹೋದ. ಒಬ್ಬ ಮುದುಕ ತಾಮ್ರದ ತಪ್ಪಲೆಯನ್ನು ತಲೆಗೆ ಬೋರಲು ಹಾಕಿಕೊಂಡು, ದಾರಿ ಕಾಣದೆ ಬೇಲಿಗೆ ಹಾಯ್ದು, ಬೇಲಿಯನ್ನೇ ಬೈಯುತ್ತ ಮಾಯವಾದ. ಸಾರುವವನು ಇನ್ನೂ ಬಾಯಿ ತೆರೆದಿರಲಿಲ್ಲ, ಸಾರು ಆಗಲೇ ಹಳ್ಳ ದಾಟಿತ್ತು. ಹಳ್ಳದ ಆಚೆ ಮೈಸೂರು ಮಹಾರಾಜರ ಸೀಮೆ. ಮದ್ರಾಸು ಸರ್ಕಾರದ ಕೋರ್ಟಿನ ಅಮೀನ ಅಲ್ಲಿ ಕಾಲಿಟ್ಟು ಒಂದು ಸೌಟನ್ನೂ ಮುಟ್ಟುವಂತಿಲ್ಲ. ಅಮೀನನ ಜೊತೆ ತಮಟೆ ಬಂತೆಂದರೆ ಜಫ್ತಿ, ಜಫ್ತಿಯೆಂದರೆ ಹಳ್ಳ. ಇಷ್ಟು ಕಾನೂನು ಅಗಳಿ ಕಡೆಯ ಊರುಗಳಲ್ಲಿ ಮಕ್ಕಳಿಗೆ ಮಗ್ಗಿಗಿಂತ ಮೊದಲೇ ಬಾಯಿಗೆ ಬರುತ್ತಿತ್ತು. ಈವತ್ತಿನ ತಮಟೆ ಜಫ್ತಿಯದಲ್ಲ, ಅವರದೇ ದಾವೆಯದು, ಅವರಿಗೋಸ್ಕರವೇ ಬಡಿಯುತ್ತಿರುವುದು ಎಂದು ಹೇಳೋಣವೆಂದರೆ ಕೇಳುವುದಕ್ಕೆ ಒಂದು ನಾಯಿ ಬಿಟ್ಟು ಇನ್ನಾರೂ ಇರಲಿಲ್ಲ. ಕೊಟ್ರಬಸಪ್ಪನಿಗೆ ನಗು ಬಂತು.

ಅಮೀನ ಪಾಲಯ್ಯನಿಗೆ ಇದೆಲ್ಲ ಹೊಸದಲ್ಲ. ಕಟ್ಟೆಯ ಮೇಲೆ ಅಂಗಿ ಕೊಡವಿ ಕೂತು, ಎಲೆಯಡಿಕೆ ಚೀಲ ಬಿಚ್ಚಿ, ಸುಣ್ಣ ಸವರುತ್ತ, ಸಾಯಂಕಾಲದವರೆಗೆ ಒಬ್ಬರೂ ಈಚೆಗೆ ಬರುವುದಿಲ್ಲವೆಂದೂ ತಾನು ಮಡಕಶಿರಕ್ಕೆ ಹೊತ್ತು ಮುಳುಗುವ ಮೊದಲು ಮುಟ್ಟಬೇಕೆಂದೂ ಹೇಳಿದ. ಆಮೇಲೆ, ತಮಟೆ ಹಿಡಿದು ನಿಂತಿದ್ದ ಚಿಕ್ಕತಿಮ್ಮಯ್ಯನಿಗೂ ಕೇಳಿಸುವಂತೆ, ಏನೂ ಅಲ್ಲದ ಮಾತಿನ ಹಾಗೆ, "ಊರಿನ ಸಮಸ್ತರೂ ಕೇಳಿ ತಿಳ್ಕಂಡರು ಅಂತ ಬರೆದ್ಬಿಡಾನ ಸ್ವಾಮಿ" ಅಂದ. ಬರೆದುಬಿಟ್ಟರೆ ಮುಗಿಯಿತು. ಸೋಮವಾರ ಮುನ್ಸೀಫರ ಮುಂದೆ ಆ ಕಾಗದ ಹೋಗುತ್ತದೆ. ಹೋಗದಿದ್ದರೆ, ನೋಟೀಸಿನಲ್ಲಿ ಒಂದು ಕೂದಲೆಳೆಯಷ್ಟು ಕೊರತೆ ಕಂಡರೂ ದಾವೆಯನ್ನೇ ತೆಗೆಸಿಹಾಕುತ್ತೇನೆಂದು ಇನಾಮದಾರರ ಕಡೆಯ ವಕೀಲರು ತುಂಬಿದ ಕೋರ್ಟಿನಲ್ಲಿ ಹೇಳಿದ್ದರು. ದಾವೆ ಹೋದರೆ ತೋಪಿನ ಗೇಟು ಹಾಕಿದಂತೆಯೇ ಉಳಿಯುತ್ತದೆ. ಊರಿನ ಬಾವಿಗಳದೆಲ್ಲ ಉಪ್ಪುನೀರು, ಬೇಳೆ ಬೇಯುವುದಿಲ್ಲ. ಸಿಹಿನೀರಿನ ಬಾವಿಯೊಂದೇ, ಅದು ಇನಾಮದಾರರ ಹುಣಸೆ ತೋಪಿನ ನಡುವೆ, ಅದಕ್ಕೆ ಹೋಗುವ ಕಾಲುದಾರಿಗೆ ಮೂರು ವರ್ಷದ ಹಿಂದೆ ಕಬ್ಬಿಣದ ಗೇಟು ಬಂದು ಕೂತಿತ್ತು. ದಾಹ ಇದ್ದವರೆಲ್ಲ ದಾವೆ ಹಾಕುವುದಕ್ಕಾಗುವುದಿಲ್ಲವಲ್ಲ, ಅದಕ್ಕೇ ಇಬ್ಬರು ಎಲ್ಲರ ಪರವಾಗಿ ಹಾಕಬಹುದು ಎಂದು ಸಿವಿಲ್ ಕಾಯಿದೆ ಹೇಳುತ್ತದೆ, ಒಂದನೇ ಆರ್ಡರು, ಎಂಟನೇ ರೂಲು. ಆದರೆ ಆ ಎಲ್ಲರಿಗೂ ತಿಳಿಸಬೇಕು. ನಿಮ್ಮ ಪರವಾಗಿ ಇಂಥವರು ಕೋರ್ಟಿಗೆ ಬಂದಿದ್ದಾರೆ, ಬೇಡ ಅನ್ನುವವರು ಬೇಡ ಅನ್ನಿ, ನಾನೇ ಬರುತ್ತೇನೆ ಅನ್ನುವವರು ಬನ್ನಿ, ಎಂದು ತಮಟೆ ಹೊಡೆಸಿ ಸಾರಬೇಕು. ಇಪ್ಪತ್ತು ವರ್ಷದಿಂದ ಕೊಟ್ರಬಸಪ್ಪ ಇಂಥ ದಾವೆಗಳನ್ನೇ ನಡೆಸಿಕೊಂಡು ಬಂದಿದ್ದ. ರಾಯದುರ್ಗದ ನೇಕಾರ ಓಣಿಯ ದಾವೆ, ಬೆಳುಗುಪ್ಪದ ದನದ ದೊಡ್ಡಿಯ ದಾವೆ. ಬಾರ್ ರೂಮಿನಲ್ಲಿ ಅವನಿಗೆ ಎಂಟನೇ ರೂಲು ಎಂದೇ ಹೆಸರು. ಸಾವಿರಾರು ಜನರ ಪರವಾಗಿ ಮಾತಾಡಿದ್ದ. ತಮಟೆ ಕೇಳಿ ಬೇಡ ಅಂದವರು, ನಾನೇ ಬರುತ್ತೇನೆ ಅಂದವರು, ಇಪ್ಪತ್ತು ವರ್ಷದಲ್ಲಿ ಒಬ್ಬರೂ ಇಲ್ಲ.

ಬರೆದುಬಿಡೋಣ. ಅವನು ಜೂನಿಯರಾಗಿದ್ದ ಬಳ್ಳಾರಿಯ ಹಿರಿಯ ವಕೀಲರು ಇದನ್ನೇ ಇಂಗ್ಲಿಷಿನಲ್ಲಿ, ಮೂಗಿನ ಮೇಲಿನ ಕನ್ನಡಕವನ್ನು ಹಣೆಗೇರಿಸಿಕೊಂಡು ಹೇಳುತ್ತಿದ್ದರು, ಹೇಳುವಾಗ ಕೊನೆಯ ಅಕ್ಷರವನ್ನು ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆಯ ಹಾಗೆ ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತಿದ್ದರು. ಆ ಧ್ವನಿಯಲ್ಲಿ ಮಾತಾಡಲು ಕೊಟ್ರಬಸಪ್ಪನಿಗೆ ಈಗಲೂ ಬರುತ್ತಿತ್ತು. ಯಾರ ಧ್ವನಿ ಬರುತ್ತಿರಲಿಲ್ಲ ಅವನಿಗೆ? ಮದ್ರಾಸಿನ ಲಾ ಕಾಲೇಜಿನ ಹಾಸ್ಟೆಲಿನಲ್ಲಿ ಪ್ರತಿ ಶನಿವಾರ ಅವನ ಕೋಣೆಯಲ್ಲಿ ಹೈಕೋರ್ಟಿನ ಬೆಂಚೇ ಕೂಡುತ್ತಿತ್ತು. ತೂಕಡಿಸುವ ಜಡ್ಜೂ ಅವನೇ, ತಮಿಳು ಗುಮಾಸ್ತೆಯೂ ಅವನೇ, ಕಟಕಟೆಯಲ್ಲಿ ನಡುಗುವ ಸಾಕ್ಷಿಯೂ ಅವನೇ. ಇದೊಂದು ವಿದ್ಯೆಯೆಂದು, ವಕೀಲಿಗೆ ದೇವರು ಕೊಟ್ಟ ಬಂಡವಾಳವೆಂದು ಆಗ ತಿಳಿದಿದ್ದ. ಪಾಲಯ್ಯ ಕೆಮ್ಮಿದ. ಅದು ಎರಡು ಸಣ್ಣ ಕೆಮ್ಮು, ಒಂದು ದೊಡ್ಡದು; ಕೊಟ್ರಬಸಪ್ಪನ ಗಂಟಲು ತನಗೆ ತಾನೇ ಆ ಕೆಮ್ಮಿನ ಅಳತೆ ತೆಗೆದುಕೊಂಡಿತು, ಅದಕ್ಕೆ ಅವನಿಗೆ ನಾಚಿಕೆಯಾಯಿತು. ಹಗರಿ ಹೊಳೆಯ ಮರಳಿನಲ್ಲಿ ಕರಬೂಜ ಬೆಳೆಯುವವರ ದಾವೆಯಲ್ಲೂ ಹೀಗೇ ಒಬ್ಬ ಅಮೀನ ಕೆಮ್ಮಿದ್ದ. ಭೈರವಾನಿತಿಪ್ಪದ ಕೆಳಗೆ ಹೊಳೆಪಾತ್ರದಲ್ಲಿ ಬಳ್ಳಿ ಹಬ್ಬಿಸುವ ಮೂರು ಹಟ್ಟಿಗಳು; ಎರಡರಲ್ಲಿ ತಮಟೆ ಹೊಡೆಸಿದ್ದಾಯಿತು, ಮೂರನೆಯದು ಆಚೆ ದಡದಲ್ಲಿ, ಹೊಳೆ ಬಂದಿತ್ತು, ದಾಟುವ ಹಾಗಿರಲಿಲ್ಲ. ಮೂರು ಹಟ್ಟಿಯಲ್ಲೂ ಸಾರಲಾಯಿತು ಎಂಬ ಅಫಿಡವಿಟ್ಟಿಗೆ ಜೂನಿಯರ್ ಕೊಟ್ರಬಸಪ್ಪನೇ ಸಹಿ ಹಾಕಿದ. ಸಹಿ ಸುಂದರವಾಗಿತ್ತು, ಬಾಲ ಬಿಟ್ಟ ಸಹಿ. ಆಮೇಲೆ ಹಿರಿಯರು ರಾಜಿ ಮಾಡಿಸಿದರು. ಎರಡು ಹಟ್ಟಿಯ ಮರಳು ಉಳಿಯಿತು, ಮೂರನೆಯದರ ಮರಳು ಎದುರಾಳಿಗೆ ಹೋಯಿತು. ಎಲ್ಲರೂ ಎಂದಮೇಲೆ ಅವರೂ ಬಂದರು, ಡಿಕ್ರಿ ಅವರಿಗೂ ಬಿತ್ತು.

ಆ ಮೂರನೇ ಹಟ್ಟಿಯಿಂದ ಬೊಮ್ಮಕ್ಕ ಎಂಬುವಳು ಒಂದು ದಿನ ಬಳ್ಳಾರಿಗೆ ನಡೆದುಕೊಂಡು ಬಂದಳು. ನನ್ನ ಬಳ್ಳಿ ಕೀಳುತ್ತಿದ್ದಾರೆ, ನನ್ನ ಪರವಾಗಿ ನೀವು ರಾಜಿಯಾದಿರಂತೆ, ನಾನು ನಿಮ್ಮನ್ನು ನೋಡಿಯೇ ಇಲ್ಲವಲ್ಲ ಎಂದು ಬೆಳಿಗ್ಗೆ ಆಫೀಸಿನಲ್ಲಿ ಒಂದೇ ಸಮನೆ ಹೇಳಿದಳು. ಮಾತಿಗಿಂತ ಅವಳ ಧ್ವನಿಯೇ ಅವನಿಗೆ ಚೆನ್ನಾಗಿ ನೆನಪುಳಿಯಿತು. ಮಧ್ಯಾಹ್ನ ಬಾರ್ ರೂಮಿನಲ್ಲಿ ಗೆಳೆಯರಿಗೆ ಅದನ್ನು ಮಾಡಿ ತೋರಿಸಿದ. ತಲೆಯ ಮೇಲೆ ಟವೆಲು ಹೊದ್ದು, ಗದ್ದ ನಡುಗಿಸಿ, 'ನನ್ನ ಬಳ್ಳಿರೀ, ನನ್ನ ಬಳ್ಳಿ' ಎಂದು. ಎಲ್ಲರೂ ಮೇಜು ಬಡಿದು ನಕ್ಕರು. ನಕ್ಕವರು ಒಬ್ಬೊಬ್ಬರಾಗಿ ನಿಲ್ಲಿಸಿದ್ದು ನೋಡಿ ತಿರುಗಿದರೆ ಬಾಗಿಲಲ್ಲಿ ಅವಳು, ಆಫೀಸಿನಲ್ಲಿ ಮರೆತ ಬುತ್ತಿಗಂಟನ್ನು ಕೇಳಿಕೊಂಡು ಬಂದವಳು. ಅತ್ತಿದ್ದರೆ, ಬೈದಿದ್ದರೆ ಅವನು ಇಷ್ಟು ವರ್ಷ ನೆಮ್ಮದಿಯಿಂದ ಬದುಕಬಹುದಿತ್ತು. ಅವಳು ಅವನ ತಲೆಯ ಮೇಲಿನ ಟವೆಲನ್ನೇ ನೋಡುತ್ತ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು: "ನನ್ನಂಗ ಮಾತಾಡಾಕ ಬರತೈತಲ್ರಿ ನಿಮಗ. ಕೋರ್ಟಿನಾಗ ಯಾಕ ಮಾತಾಡ್ಲಿಲ್ರಿ?"

ಅಂದಿನಿಂದ ಅವನು ತಮಟೆಯ ಜೊತೆ ತಾನೇ ಹೋಗುತ್ತಿದ್ದ. ವಕೀಲರು ಮಾಡುವ ಕೆಲಸವಲ್ಲ, ಜನ ನಗುತ್ತಿದ್ದರು. ಈ ಸಲವೂ ಹಿಂದೂಪುರದಿಂದ ಪೆಟ್ರೋಲಿನ ಬದಲು ಇದ್ದಿಲು ತಿನ್ನುವ ಬಸ್ಸಿನಲ್ಲಿ ಮೈಯೆಲ್ಲ ಮಸಿ ಮಾಡಿಕೊಂಡು, ಮಡಕಶಿರದಿಂದ ಗಾಡಿಯಲ್ಲಿ ಬೆನ್ನು ಮುರಿದುಕೊಂಡು ಬಂದಿದ್ದ. ಎದ್ದು ನಿಂತು ಕೋಟು ಹಾಕಿಕೊಂಡ. ಹಳ್ಳಕ್ಕೆ ಹೋಗೋಣ ಅಂದ. ಆಚೆ ದಡ ನಮ್ಮ ಹದ್ದಲ್ಲ ಎಂದು ಪಾಲಯ್ಯ ಕಾನೂನು ತೆಗೆದ. ನಾವು ಈಚೆ ದಡದಲ್ಲೇ ನಿಲ್ಲೋಣ, ಸದ್ದಿಗೆ ಹದ್ದಿಲ್ಲವಲ್ಲ ಎಂದು ಕೊಟ್ರಬಸಪ್ಪ ಹೇಳಿದ್ದಕ್ಕೆ ಚಿಕ್ಕತಿಮ್ಮಯ್ಯ ತಮಟೆಯನ್ನು ಬಿಸಿಲಿಗೆ ಕಾಯಿಸುತ್ತ ಮೊದಲ ಸಲ ನಕ್ಕ. ತಾನೂ ಈ ಊರವನೇ, ತನ್ನ ಹೆಂಡತಿಯೂ ಪಾತ್ರೆ ಹೊತ್ತುಕೊಂಡು ಆಚೆಗೇ ಹೋಗಿದ್ದಾಳೆ, ತಾನು ಬಾರಿಸುವುದೆಂದು ಗೊತ್ತಿದ್ದೂ ಹೋಗಿದ್ದಾಳೆ ಅಂದ.

ಹಳ್ಳದಲ್ಲಿ ಮೊಣಕಾಲುದ್ದ ನೀರು, ಆಚೆ ದಡದ ಹೊಂಗೆಯ ನೆರಳಿನಲ್ಲಿ ಇಡೀ ಊರು ಪಾತ್ರೆಪಡಗ, ದನಕರು, ಕೋಳಿಗಳ ಸಮೇತ ಕೂತಿತ್ತು. ಎಲ್ಲರಿಗಿಂತ ಮುಂದೆ, ಎದೆಗೆ ಹಿತ್ತಾಳೆ ಬಿಂದಿಗೆ ಅವಚಿಕೊಂಡು, ಕದರಪ್ಪ. ಕದರಪ್ಪ ಒಂದನೇ ವಾದಿ. ದಾವೆ ಹಾಕಿದವನೇ ಅವನು, ನೋಟೀಸು ಬರುತ್ತದೆಂದು ಅವನಿಗೆ ನಾಲ್ಕು ಸಲ ಹೇಳಿದ್ದಾಗಿತ್ತು. ತಮಟೆ ಕೇಳಿದ ಕೂಡಲೇ ಕಾಲು ತಾನಾಗಿ ಎದ್ದುಬಿಟ್ಟಿತೆಂದು ಅವನು ಆಚೆಯಿಂದಲೇ ಕೂಗಿ ಹೇಳಿದ. ಪಾಲಯ್ಯ ನೋಟೀಸನ್ನು ಓದಿದ. ಅರ್ಧ ತೆಲುಗು, ಅರ್ಧ ಕಚೇರಿ ಕನ್ನಡ, ನಡುವೆ ಉರ್ದು. ಹೊಂಗೆಯ ನೆರಳು ಅಲ್ಲಾಡಲಿಲ್ಲ. ಕೊಟ್ರಬಸಪ್ಪ ಬಾಯಿ ತೆರೆದ. ಮಡಕಶಿರದವರ ಹತ್ತಿರ ಮಡಕಶಿರದವನಾಗಿಯೇ ಮಾತಾಡುವುದು ಅವನ ರೂಢಿ, 'ಕಣಪ್ಪ' 'ಐತೆ' ಎಲ್ಲ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು. ಯಾಕೋ ಅವು ಹೊರಡಲಿಲ್ಲ. ಟವೆಲು ಹೊದ್ದ ತಲೆ, ನಡುಗಿಸಿದ ಗದ್ದ ನೆನಪಾಯಿತು. ಬಂದದ್ದು ರಾಯದುರ್ಗದ ಮನೆಯಲ್ಲಿ ಅವ್ವನ ಜೊತೆ ಆಡುವ ಮಾತು: "ಜಫ್ತಿ ಅಲ್ರಪ್ಪಾ. ನಿಮ್ಮೆಲ್ಲಾರ ಪರವಾಗಿ ನಾ ಮಾತಾಡ್ಲೇನು ಅಂತ ಕೇಳಾಕ ಬಂದೀನಿ. ಬ್ಯಾಡ ಅನ್ನೋರು ಇದ್ರ ಈಗ ಹೇಳ್ರಿ." ಆ 'ರಿ'ಗಳಿಗೆ ಆಚೆ ದಡದಲ್ಲಿ ಹುಡುಗಿಯರು ಬಾಯಿಗೆ ಸೆರಗಿಟ್ಟು ನಕ್ಕರು. ಅವನೂ ನಕ್ಕ. ಕೇಳಿಸಿತೆಂಬುದು ನಗುವಿನಿಂದ ಗೊತ್ತಾಯಿತು.

ಉತ್ತರ ಆಚೆಯಿಂದ ಬರಲಿಲ್ಲ, ಬೆನ್ನ ಹಿಂದಿನಿಂದ ಬಂತು. "ಆ ಎಲ್ಲಾರ್ನಾಗೆ ನಾನೂ ಇದ್ದೀನೇನಪ್ಪ?" ತಿರುಗಿ ನೋಡಿದರೆ ಅರವತ್ತು ದಾಟಿದ ಹೆಂಗಸು, ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು, ಎರಡೂ ತುಳುಕುವಷ್ಟು ತುಂಬಿ. ಸೂಲಗಿತ್ತಿ ಜುಂಜಮ್ಮ ಎಂದು ಚಿಕ್ಕತಿಮ್ಮಯ್ಯ ಹೇಳಿದ. ತನ್ನ ಮನೆಯಲ್ಲಿ ಜಫ್ತಿಗೆ ತಾನೊಬ್ಬಳೇ ಇರುವುದು, ಹೊತ್ತುಕೊಂಡು ಹೋಗುವ ಶಕ್ತಿಯಿದ್ದರೆ ಹೋಗಲಿ ಎಂದು ಅವಳು ಓಡದೆ ಉಳಿದವಳಂತೆ. ಊರಿನ ಎಲ್ಲರೂ ಎಂದಮೇಲೆ ನೀನೂ ಇದ್ದೀಯಮ್ಮ ಎಂದು ಕೊಟ್ರಬಸಪ್ಪ ಹೇಳಿದ. ಅವಳು ಕೊಡ ಇಳಿಸಲಿಲ್ಲ. "ಎಲ್ಲಾರ್ನೂ ತಡೆದವ್ರೆ ಅಂತ ಬರ್ಸಿದ್ದೀರಂತೆ. ನನ್ನ ತಡೆದಿಲ್ಲ. ದಿನಾ ಹೋಗ್ತೀನಿ, ತಗಾ, ಈಗ್ಲೂ ಅಲ್ಲಿಂದ್ಲೇ ಬಂದೆ. ನಿಮ್ಮ ಸುಳ್ಳಾಗೆ ನನ್ನ ಸೇರಿಸ್ಬೇಡ. ನನ್ನ ಮಾತು ನಾನೇ ಬಂದು ಕೋರ್ಟಿನಾಗೆ ಹೇಳ್ತೀನಿ."

ಕದರಪ್ಪ ಬಿಂದಿಗೆಯನ್ನು ಎತ್ತಿ ಹಿಡಿದುಕೊಂಡು ನೀರಿಗಿಳಿದು ಈಚೆಗೆ ಬಂದ, ಅವನು ಮದ್ರಾಸು ಸೀಮೆಗೆ ಅಷ್ಟು ಅವಸರದಲ್ಲಿ ಎಂದೂ ಬಂದಿರಲಿಕ್ಕಿಲ್ಲ. ವಕೀಲನನ್ನು ತೋಳು ಹಿಡಿದು ಪಕ್ಕಕ್ಕೆ ಕರೆದ. ಅವಳು ಇನಾಮದಾರರ ಮನೆಯಲ್ಲಿ ಮೂರು ಮೊಮ್ಮಕ್ಕಳನ್ನು ಭೂಮಿಗಿಳಿಸಿದವಳು, ಅದಕ್ಕೆ ಕಾವಲುಗಾರ ಅವಳಿಗೊಬ್ಬಳಿಗೆ ಗೇಟು ತೆಗೆಯುತ್ತಾನೆ, ಅವಳನ್ನು ಕೋರ್ಟಿಗೆ ಕರೆದರೆ ನಮ್ಮ ಮನೆ ಹಾಳು ಎಂದು ಕಿವಿಯಲ್ಲಿ ಉಸುರಿದ. ಅದನ್ನು ವಕೀಲನಿಗೆ ಅವನು ಹೇಳಿಕೊಡಬೇಕಾಗಿರಲಿಲ್ಲ. ತಲೆತಲಾಂತರದಿಂದ ನಮ್ಮ ಹಕ್ಕಿನ ದಾರಿ ಎಂದರೆ ದಾವೆ ನಿಲ್ಲುತ್ತದೆ. ಅವರು ಬಿಟ್ಟರೆ ಹೋಗುತ್ತೇವೆ ಎಂದರೆ ಅದು ಹಕ್ಕಲ್ಲ, ದಯೆ, ದಾವೆ ಬಿದ್ದುಹೋಗುತ್ತದೆ. ಒಬ್ಬಳಿಗೆ ಗೇಟು ತೆರೆದದ್ದನ್ನು ಎದುರು ವಕೀಲರು ಹಿಡಿದುಕೊಂಡರೆ, ನೋಡಿ ಸ್ವಾಮಿ, ಕೇಳಿದವರಿಗೆ ನಾವು ಕೊಟ್ಟೇ ಇದ್ದೇವೆ ಎಂದು ಮುನ್ಸೀಫರ ಮುಂದೆ ಜೇನು ಸುರಿಸುತ್ತಾರೆ. ಆ ಧ್ವನಿಯೂ ಕೊಟ್ರಬಸಪ್ಪನಿಗೆ ಬರುತ್ತಿತ್ತು. ಪಾಲಯ್ಯ ಕಾಗದ ಮಡಿಸುತ್ತ, ಮುದುಕಿ ಬಂದದ್ದನ್ನು ತಾನು ನೋಡಲಿಲ್ಲ, ಬಿಸಿಲಿಗೆ ಕಣ್ಣು ಕತ್ತಲಿಟ್ಟಿತ್ತು ಎಂದು ಯಾರೂ ಕೇಳದಿದ್ದರೂ ಹೇಳಿದ. ಅವಳು ಹೆಬ್ಬೆಟ್ಟಿನವಳು. ಇಲ್ಲಿಂದ ಕೋರ್ಟು ಎಷ್ಟು ದೂರವೆಂದು ಅವಳಿಗೆ ಗೊತ್ತಿರಲಿಲ್ಲ. ಕೊಟ್ರಬಸಪ್ಪ ಹೂಂ ಎಂದು ತಲೆಯಾಡಿಸಿ ಗಾಡಿ ಹತ್ತಿಬಿಟ್ಟರೆ ಸಾಕಿತ್ತು.

"ಕೊಡ ಇಳಿಸಮ್ಮ" ಅಂದ. ಕೈ ಕೊಟ್ಟು ತಾನೇ ಇಳಿಸಿದ, ಕೋಟಿನ ತೋಳು ನೆನೆಯಿತು. ಕಲ್ಲಿನ ಮೇಲೆ ಕೂತು, ಮೊಣಕಾಲಿನ ಮೇಲೆ ಕಾಗದ ಇಟ್ಟು, ಹೇಳು ಅಂದ. ಕದರಪ್ಪ ಬಿಂದಿಗೆಯನ್ನು ನೆಲಕ್ಕೆ ಕುಕ್ಕಿದ. ನೀನು ನಮ್ಮ ವಕೀಲನೋ ಅವರ ವಕೀಲನೋ ಎಂದು ಕೇಳಿದ, ಕೇಳಬೇಕಾದ ಮಾತೇ. ಇವಳ ಪರವಾಗಿಯೂ ನಾನೇ ಎಂದು ಕೋರ್ಟಿಗೆ ಬರೆದುಕೊಟ್ಟಿದ್ದೇನಲ್ಲ ಕದರಪ್ಪ, ಈಗ ಇವಳೇ ಬೇಡ ಅಂದರೆ ಏನು ಮಾಡಲಿ, ಎಂದು ಕೊಟ್ರಬಸಪ್ಪ ಮೆತ್ತಗೆ ಹೇಳಿದ. ಜುಂಜಮ್ಮ ಹೇಳಿದಳು, ಅವನು ಬರೆದ. ಅವಳ ಅತ್ತೆ ಆ ದಾರಿಯಲ್ಲಿ ಹೋಗುತ್ತಿದ್ದಳು, ಅತ್ತೆಯ ಅತ್ತೆಯೂ. ಗೇಟು ಬಂದ ಮೇಲೆ ಬೇರೆಯವರಿಗೆ ತೆಗೆಯುವುದಿಲ್ಲ, ತನಗೆ ತೆಗೆಯುತ್ತಾರೆ. ಎರಡು ಕೊಡದಲ್ಲಿ ಒಂದು ತನಗೆ, ಒಂದು ಬಾಣಂತಿ ಇರುವ ಮನೆಗೆ. ಉಪ್ಪುನೀರಿನಲ್ಲಿ ಬಾಣಂತಿಗೆ ಮಾಡಿದ ಸಾರು ಮೈಗೆ ಹತ್ತುವುದಿಲ್ಲ. ಇಲ್ಲಿ ಅವನ ಲೇಖನಿ ನಿಂತಿತು. 'ತೆಗೆಯುತ್ತಾರೆ' ಎಂಬುದರ ಬದಲು 'ತೆಗೆಯಲೇಬೇಕಾಗಿದೆ' ಎಂದು ಬರೆದರೆ ದಯೆ ಹೋಗಿ ಹಕ್ಕಾಗುತ್ತದೆ. ನೀನು ಕೇಳಿಕೊಂಡು ಹೋಗುತ್ತೀಯೋ, ಕೇಳದೆ ಹೋಗುತ್ತೀಯೋ ಎಂದು ಸ್ವಲ್ಪ ಒತ್ತು ಕೊಟ್ಟು ಕೇಳಿದರೂ ಆಗುತ್ತದೆ, ಬೇಕಾದ ಉತ್ತರ ಪ್ರಶ್ನೆಯ ಜೊತೆಯಲ್ಲೇ ಅವಳ ಬಾಯಿಗೆ ಹೋಗುತ್ತದೆ. ಇಪ್ಪತ್ತು ವರ್ಷ ಸಾಕ್ಷಿಗಳಿಗೆ ತುತ್ತು ತಿನ್ನಿಸಿದ ಕೈ ಅದು. ಶಾಯಿ ಒಂದು ಚುಕ್ಕೆಯಾಗಿ ಹರಡಿತು. ಅವಳು ಕಾಯುತ್ತ, ನೊಣ ಓಡಿಸುತ್ತ, ಅವನ ಕೋಟಿನ ನೆನೆದ ತೋಳನ್ನು ತನ್ನ ಸೆರಗಿನಿಂದ ಸುಮ್ಮನೆ ಒರೆಸಿದಳು, ತಾನು ಭೂಮಿಗಿಳಿಸಿದ ಕೂಸೊಂದರ ಮೈ ಒರೆಸುವ ಹಾಗೆ. ತೆಗೆಯುತ್ತಾರೆ ಎಂದೇ ಬರೆದ.

ಓದಿ ಹೇಳಿದ, ಯಾರ ಧ್ವನಿಯನ್ನೂ ತರದೆ. ಅವಳು ಎರಡು ಕಡೆ ತಡೆದಳು. ಕೊಡ ಎರಡೂ ಒಂದೇ ಅಳತೆಯವಲ್ಲ, ಬಾಣಂತಿಯದು ದೊಡ್ಡದು, ತಿದ್ದಿದ. ಅತ್ತೆಯ ಹೆಸರು ಬರೆದಿಲ್ಲ, ಅವಳಿಗೂ ಹೆಸರಿತ್ತು, ಬರೆದ. ಇದರಿಂದ ಊರಿಗೆ ನಷ್ಟವಾಗಬಹುದು, ದಾವೆ ಬೀಳಬಹುದು ಎಂದು ಸುತ್ತುಬಳಸಿಲ್ಲದೆ ತಿಳಿಸಿದ. ಅವಳು ಕದರಪ್ಪನ ಕಡೆ ತಿರುಗಿದಳು. ಅವನನ್ನೂ ಭೂಮಿಗಿಳಿಸಿದ್ದು ಅವಳೇ. ಬಿದ್ದರೆ ಇನ್ನೊಂದು ಕೊಡ ಹೊರುತ್ತೇನೆ, ಇಲ್ಲದ್ದು ಹೇಳಿ ತಂದ ನೀರು ಮಾತ್ರ ಬಾಣಂತಿಗೆ ಕುಡಿಸಲಾರೆ ಅಂದಳು. ಪಾಲಯ್ಯ ನಿಟ್ಟುಸಿರು ಬಿಟ್ಟು ಹೆಬ್ಬೆಟ್ಟಿನ ಮಸಿ ಡಬ್ಬಿ ತೆಗೆದ. ಹಳ್ಳದ ಈಚೆ ದಡದಿಂದ ಸಾರಲಾಯಿತು, ಆಚೆ ದಡದ ಸಮಸ್ತರೂ ಕೇಳಿದರು, ಒಬ್ಬಾಕೆ ಖುದ್ದು ಹಾಜರಾಗುವುದಾಗಿ ಅರ್ಜಿ ಕೊಟ್ಟಳು, ಎಂದು ತನ್ನ ಕಾಗದದಲ್ಲಿ ಇದ್ದದ್ದನ್ನು ಇದ್ದಂತೆ ಬರೆದ. ಬರೆದಾದ ಮೇಲೆ, ಸರ್ವೀಸಿನಲ್ಲಿ ಇಂಥ ಕಾಗದ ಇದೇ ಮೊದಲು ಎಂದು ಗೊಣಗಿ ಅದನ್ನು ಇನ್ನೊಂದು ಸಲ ಓದಿಕೊಂಡ. ಜನ ಪಾತ್ರೆಗಳನ್ನೆತ್ತಿಕೊಂಡು ಈಚೆಗೆ ದಾಟತೊಡಗಿದರು.

ಆ ಬಾವಿಯನ್ನು ನೀನು ನೋಡಿದ್ದೀಯಾ ಎಂದು ಜುಂಜಮ್ಮ ಕೇಳಿದಳು. ಅವನು ನೋಡಿರಲಿಲ್ಲ. ದಾವೆಯ ನಕ್ಷೆಯಲ್ಲಿ ಅದೊಂದು ಸೊನ್ನೆ, ದಾರಿಯೊಂದು ಚುಕ್ಕೆಗೆರೆ. ನೋಡದೆ ಹೇಗೆ ಮಾತಾಡುತ್ತೀಯ, ಬಾ, ಎಂದು ದೊಡ್ಡ ಕೊಡವನ್ನು, ಅದರ ಪಕ್ಕ ತನ್ನದನ್ನೂ, ದಾರಿಯಲ್ಲಿ ಬಾಣಂತಿಯ ಮನೆಯ ಜಗಲಿಯ ಮೇಲಿಟ್ಟು, ಬರಿಗೈಯಲ್ಲಿ ಬಾವಿಗೆ ಬರುತ್ತಾರೇನು ಎಂದು ಅದೇ ಮನೆಯ ಖಾಲಿ ಬಿಂದಿಗೆಯನ್ನು ಅವನ ಕೈಗೆ ಕೊಟ್ಟಳು. ಕೋಟು ಹಾಕಿದ ವಕೀಲ ಬಿಂದಿಗೆಯನ್ನು ಯಾವ ಕಂಕುಳಿಗೆ ಹಿಡಿಯಬೇಕೆಂದು ತಿಳಿಯದೆ ಎರಡಕ್ಕೂ ಹಿಡಿದು ನೋಡಿದ. ಹುಣಸೆ ಮರಗಳು ಶುರುವಾದವು. ಚುಕ್ಕೆಗೆರೆ ಇಷ್ಟು ಸವೆದ, ಇಷ್ಟು ತಗ್ಗಾದ, ಅಂಗಾಲಿನ ಆಕಾರವೇ ಬಂದುಬಿಟ್ಟ ಮಣ್ಣು ಎಂದು ಅವನಿಗೆ ಗೊತ್ತಿರಲಿಲ್ಲ.

ಗೇಟಿನ ಬಳಿ ಕಾವಲುಗಾರ ಜಯಣ್ಣ ಅವಳನ್ನು ಕಂಡು ಅಗುಳಿ ಎತ್ತಿದ. ಹಿಂದೆ ಬರುತ್ತಿದ್ದ ಕೋಟನ್ನು ಕಂಡು ಅಗುಳಿಯನ್ನು ಅರ್ಧದಲ್ಲೇ ಹಿಡಿದು ನಿಲ್ಲಿಸಿದ. ಒಳಗೆ ಹೋಗಿ ಜಾಗ ನೋಡಬೇಕಾದರೆ ಕೋರ್ಟಿನ ಅಪ್ಪಣೆ ಬೇಕು, ಅದು ಕೊಟ್ರಬಸಪ್ಪನ ಹತ್ತಿರ ಇರಲಿಲ್ಲ. ಬೇರೆ ಏನೇನು ಹೇಳಬಹುದೋ ಅದೆಲ್ಲ ಒಂದರ ಹಿಂದೊಂದು ನಾಲಿಗೆಗೆ ಬಂತು, ರೆವಿನ್ಯೂ ಸಾಹೇಬನ ಗತ್ತು, ತೆಲುಗು ತಹಸೀಲ್ದಾರನ ಗದರಿಕೆ, ಬಡಪಾಯಿ ದಾರಿಹೋಕನ ಗೋಳು.

"ಇವರು ಯಾರ ಪೈಕಿ?" ಎಂದು ಜಯಣ್ಣ ಕೇಳಿದ, ಅವನನ್ನಲ್ಲ, ಅವಳನ್ನು.

"ನನ್ನ ಪೈಕಿ ಕಣೋ" ಅಂದಳು ಜುಂಜಮ್ಮ. "ಬಾಯಾರಿ ಬಂದವ್ನೆ."

ಜಯಣ್ಣ ಒಮ್ಮೆ ಕೋಟನ್ನು, ಒಮ್ಮೆ ಬಿಂದಿಗೆಯನ್ನು ನೋಡಿದ. ಕೊಟ್ರಬಸಪ್ಪ, ತನ್ನ ಪರವಾಗಿ ಅವಳು ಆಡಿದ ಮಾತು ಸಾಕಾಗುತ್ತದೋ ಇಲ್ಲವೋ ಎಂದು, ಬಾಯಿ ಮುಚ್ಚಿಕೊಂಡು ಕಾಯುತ್ತ ನಿಂತ.